ಪೆಟ್ಟು ಬೀಳುವ ಜಾಗ

ನನ್ನ ನಾದಿನಿ ಮೇಜು ಬಡಿದು ಬದುಕುತ್ತಾಳೆ. ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಅವಳ ಉದ್ಯೋಗವೇ ಅದು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮುಚ್ಚಿಹೋದ ಯಾವುದೋ ಹೋಟೆಲಿನಿಂದ ತಂದ ಉದ್ದನೆಯ ಮೇಜೊಂದಿದೆ. ಅದರ ಎರಡು ಬದಿಗೂ ಜನ ಕೂರುತ್ತಾರೆ, ತುದಿಯಲ್ಲಿ ಇವಳು ನಿಲ್ಲುತ್ತಾಳೆ. ಇಂಗ್ಲಿಷಿನ ಒಂದು ಪದ ಹೇಳಿ ಮೇಜಿನ ಮೇಲೆ ಒಂದು ಗುದ್ದು ಗುದ್ದುತ್ತಾಳೆ, ಹಿಂದೆಯೇ ಮೆಲ್ಲಗೆ ಒಮ್ಮೆ ತಟ್ಟುತ್ತಾಳೆ. ಎಲ್ಲರೂ ಹಾಗೆಯೇ ಹೇಳಿ ಹಾಗೆಯೇ ಗುದ್ದುತ್ತಾರೆ. ಬೆಳಿಗ್ಗೆ ಒಂದು ತಂಡ, ಸಂಜೆ ಇನ್ನೊಂದು. ನಡುಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಊರವರ ಪರದೆ, ದಿಂಬಿನ ಚೀಲ ಹೊಲಿಯುವ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಬೀದಿಯವರು ಅವಳಿಗೆ ಮೇಜು ಮೇಡಂ ಎಂದು ಹೆಸರಿಟ್ಟಿದ್ದಾರೆ. ಮನೆಯಲ್ಲಿ ಅವಳು ಗುಬ್ಬಿ.

ಸಂಗತಿ ಏನೆಂದರೆ, ಇಂಗ್ಲಿಷಿನಲ್ಲಿ ಕೆಲವು ಪದಗಳಿಗೆ ಎರಡೆರಡು ನೌಕರಿಯಂತೆ. ಒಮ್ಮೆ ವಸ್ತುವಿನ ಹೆಸರಾಗಿ ನಿಲ್ಲುತ್ತವೆ, ಇನ್ನೊಮ್ಮೆ ಮಾಡುವ ಕೆಲಸವಾಗಿ ಓಡುತ್ತವೆ. ಬರೆಯುವುದು ಒಂದೇ ಥರ. ಬಾಯಲ್ಲಿ ಹೇಳುವಾಗ ಮಾತ್ರ ಭಾರ ಬೀಳುವ ಜಾಗ ಬದಲಾಗುತ್ತದೆ. ರೆಕಾರ್ಡ್ ಎನ್ನುವುದು ಕಪಾಟಿನಲ್ಲಿಟ್ಟ ದಾಖಲೆಯಾದರೆ ಗುದ್ದು ಮೊದಲ ತುಂಡಿನ ಮೇಲೆ, ‘ರೆಕ್’ ಎನ್ನುವಲ್ಲಿ. ಯಾರದೋ ದನಿಯನ್ನು ಹಿಡಿದಿಡುವ ಕೆಲಸವಾದರೆ ಗುದ್ದು ಎರಡನೆಯದರ ಮೇಲೆ, ‘ಕಾರ್ಡ್’ ಎನ್ನುವಲ್ಲಿ. ಪರ್ಮಿಟ್ ಕೈಯಲ್ಲಿರುವ ಕಾಗದವಾದರೆ ಮುಂದೆ, ಯಾರನ್ನಾದರೂ ಒಳಗೆ ಬಿಡುವುದಾದರೆ ಹಿಂದೆ. ಇನ್ಸಲ್ಟ್, ಇಂಪೋರ್ಟ್, ಪ್ರೆಸೆಂಟ್ ಎಲ್ಲಕ್ಕೂ ಇದೇ ಹಣೆಬರಹ. ಹಾಗೆಂದು ಇದನ್ನು ನಂಬಿ ಕೂರುವಂತೆಯೂ ಇಲ್ಲ. ರಿಪೋರ್ಟ್ ಎನ್ನುವುದು ಎರಡು ಕೆಲಸಕ್ಕೂ ಹಿಂದಿನ ಕಾಲಿನ ಮೇಲೆಯೇ ನಿಲ್ಲುತ್ತದೆ, ವಿಸಿಟ್ ಎನ್ನುವುದು ಮುಂದಿನ ಕಾಲು ಬಿಟ್ಟು ಕದಲುವುದಿಲ್ಲ. ನಮ್ಮ ಮನೆಯ ಗಂಡಸಿನ ಹಾಗೆ, ಯಾರು ಏನೇ ಹೇಳಲಿ ತಾನು ಕೂತದ್ದೇ ಜಾಗ.

ಇದನ್ನು ಕಲಿಯಲು ಎಂಥೆಂಥವರು ಬರುತ್ತಾರೆ! ಲಿಫ್ಟ್ ರಿಪೇರಿ ಮಾಡುವವನೊಬ್ಬ ಬರುತ್ತಿದ್ದ. ಅವನು ಗುದ್ದಿದರೆ ಅಡುಗೆಮನೆಯಲ್ಲಿ ಚಮಚಗಳು ಕುಣಿಯುತ್ತಿದ್ದವು. ಬೇರೆ ದೇಶಕ್ಕೆ ಹೋಗಬೇಕಿದ್ದ ನರ್ಸ್ ಒಬ್ಬಳು ಹೆದರುತ್ತಾ ಉಗುರಿನಿಂದ ಮಾತ್ರ ತಟ್ಟುತ್ತಿದ್ದಳು. “ಪೇಶಂಟಿಗೆ ಇಂಜೆಕ್ಷನ್ ಕೊಡೋವಾಗ ಇಷ್ಟು ಮೆತ್ತಗಿರು, ಇಲ್ಲಿ ಬೇಡ” ಎಂದು ನಾನು ಒಳಗಿನಿಂದಲೇ ಕೂಗಿದ್ದುಂಟು. ತಲೆ ಚಿಟ್ಟು ಹಿಡಿದರೂ ಕಿವಿ ಅತ್ತಲೇ ಇರುತ್ತಿತ್ತಲ್ಲ, ಏನು ಮಾಡುವುದು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. “ಅಲ್ವೇ ಗುಬ್ಬಿ, ನಾವೂ ದಿನಾ ರೆಕಾರ್ಡ್ ಅಂತೀವಿ, ಪರ್ಮಿಟ್ ಅಂತೀವಿ. ಎಲ್ಲೂ ಗುದ್ದಲ್ಲ. ಇಷ್ಟು ವರ್ಷದಲ್ಲಿ ಯಾರಿಗೆ ಅರ್ಥ ಆಗದೆ ಹೋಗಿದೆ ಹೇಳು?”

ಅವಳು ಗೋಡೆಯ ಹಲಗೆ ಒರೆಸುತ್ತಿದ್ದವಳು ನಿಂತಳು. “ನ... ನಮ್ಮಲ್ಲಿ ‘ಮಾಡು’ ಇದೆಯಲ್ಲ ಅತ್ತಿಗೆ. ರೆ... ರೆಕಾರ್ಡ್ ಮಾಡು, ಪ್ರೆ... ಪ್ರೆಸೆಂಟ್ ಮಾಡು. ಯಾ... ಯಾವ ಪದ ಬಂದ್ರೂ ಅ... ಅದು ಪಕ್ಕದಲ್ಲಿ ನಿಂತು ಕೆಲಸ ಮಾಡ್ಕೊಡುತ್ತೆ. ಅವರಿಗೆ ಅದಿಲ್ಲ. ಪ... ಪದವೇ ಮೈ ಬಗ್ಗಿಸ್ಬೇಕು.”

“ಸರಿಯಾಗಿ ಹೇಳ್ದೆ. ಈ ಮನೇಲಿ ಆ ‘ಮಾಡು’ ನಾನೇ” ಎಂದೆ. ಅವಳು ನಕ್ಕಳು. ಅಷ್ಟು ಮಾತು ಮುಗಿಯುವ ಹೊತ್ತಿಗೆ ನಾನು ಒಂದು ದಿಂಬಿನ ಚೀಲದ ಅಂಚು ಮಡಿಸಿ ಹೊಲಿದು ಮುಗಿಸಿದ್ದೆ.

ಹೌದು, ಗುಬ್ಬಿಗೆ ಉಗ್ಗು ಇದೆ. ಹುಟ್ಟಿದಾರಭ್ಯ ಇದೆ ಎನ್ನುತ್ತಾರೆ. ಆದರೆ ಇಂಗ್ಲಿಷ್ ಮಾತಾಡುವಾಗ ಒಂದು ಚೂರೂ ಇರುವುದಿಲ್ಲ. ಮೇಜಿನ ಮುಂದೆ ನಿಂತಳೆಂದರೆ ಮಾತು ನಲ್ಲಿ ತಿರುಗಿಸಿದ ಹಾಗೆ ಬರುತ್ತದೆ. ಕ್ಲಾಸು ಬಿಟ್ಟು ಒಳಗೆ ಬಂದು ‘ಅತ್ತಿಗೆ, ಟೀ ಇದೆಯಾ’ ಎಂದು ಕೇಳಲು ತಿಣುಕುತ್ತಾಳೆ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಇದೆಲ್ಲಾ ಜಂಬ ಎಂದುಕೊಂಡಿದ್ದೆ. ಆಮೇಲೆ ಅವಳೇ ಒಮ್ಮೆ ವಿವರಿಸಿದಳು. ನಮ್ಮ ಮಾತಿನಲ್ಲಿ ಅಕ್ಷರಗಳೆಲ್ಲಾ ಸಮಸಮವಾಗಿ ಸಾಲಾಗಿ ನಿಂತಿರುತ್ತವೆ, ಯಾವುದರ ಕೈ ಹಿಡಿದು ಒಳಗೆ ಹೋಗಬೇಕೋ ಚಿಕ್ಕಂದಿನಿಂದ ತಿಳಿಯಲೇ ಇಲ್ಲ. ಶಾಲೆಯಲ್ಲಿ ಇಂಗ್ಲಿಷಿನ ನಿಘಂಟು ತೆರೆದಾಗ ಪದಗಳ ತಲೆಯ ಮೇಲೆ ಒಂದು ಸಣ್ಣ ಗೀಟು ಕಂಡಿತು, ಇಲ್ಲಿ ಒತ್ತು ಎಂದು ಯಾರೋ ಗುರುತು ಮಾಡಿಟ್ಟಿದ್ದರು. ಒತ್ತಿದೆ, ಬಾಗಿಲು ತೆರೆಯಿತು ಎಂದಳು. ಕೇಳಿ ನನಗೆ ಸಂಕಟವಾಯಿತು. ಸ್ವಂತ ಮನೆಯಲ್ಲಿ ಬಾಗಿಲು ಹುಡುಕುತ್ತಾ ನಿಲ್ಲುವುದು ಎಂದರೇನು!

ಇನ್ನು ನನ್ನ ಅತ್ತೆ, ಗುಬ್ಬಿಯ ತಾಯಿ. ಅವರದು ಇದಕ್ಕೆ ತದ್ವಿರುದ್ಧ. ಬಟ್ಟೆ ಅಂಗಡಿಯಲ್ಲಿ ಆಯುಷ್ಯವೆಲ್ಲಾ ಗಿರಾಕಿಗಳ ಮುಂದೆ ನಿಂತವರು. ಬಂದವರು “ಒಂದು...” ಎನ್ನುವಷ್ಟರಲ್ಲಿ ಅವರ ಮುಖ ನೋಡಿಯೇ ಥಾನು ಎಳೆದು ಹಾಸಿಬಿಡುತ್ತಿದ್ದರಂತೆ. ಒಂಬತ್ತು ಸಲ ಸರಿಯಾಗುತ್ತಿತ್ತು, ಹತ್ತನೆಯ ಸಲ ಗಿರಾಕಿಯೇ ದಾಕ್ಷಿಣ್ಯಕ್ಕೆ ಬಿದ್ದು ಕೊಂಡುಹೋಗುತ್ತಿದ್ದ. ಅದೇ ಚಾಳಿ ಮನೆಯಲ್ಲೂ. ಮಗಳು “ನ... ನನಗೆ...” ಎಂದರೆ ಸಾಕು, “ತಲೆನೋವಾ? ಮಲಗು ಹೋಗು” ಎಂದು ಮಾತು ಮುಗಿಸಿಕೊಡುತ್ತಿದ್ದರು. ಬಸ್ಸಿನಲ್ಲಿ, ಅಂಗಡಿಯಲ್ಲಿ, ನೆಂಟರ ಮುಂದೆ, ಎಲ್ಲೆಲ್ಲೂ ಮಗಳ ಮಾತಿನ ಬಾಲ ಅತ್ತೆಯದೇ. ಮಗಳು ನಾಲ್ಕು ಜನರೆದುರು ಒದ್ದಾಡುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಮಾತಿನಲ್ಲಿ ಹೋಗುವುದೋ ಬಿಡುವುದೋ, ಬೇಕೋ ಬೇಡವೋ, ಎಲ್ಲಾ ಗೊತ್ತಾಗುವುದು ಕೊನೆಯಲ್ಲಿ ತಾನೇ? ಆ ಕೊನೆಯನ್ನು ಗುಬ್ಬಿ ಹೇಳಿದ್ದನ್ನು ನಾವು ಕೇಳಿದ್ದೇ ಕಡಿಮೆ.

ಬಂದರಿನ ಊರಿನಲ್ಲಿ ಹಡಗಿನ ಕೆಲಸಕ್ಕೆ ಹೋಗುವವರನ್ನು ತಯಾರು ಮಾಡುವ ಒಂದು ಶಾಲೆಯಿದೆ. ಅಲ್ಲಿಯ ಪ್ರಿನ್ಸಿಪಾಲಮ್ಮ ಒಮ್ಮೆ ನಮ್ಮ ಮನೆ ಹುಡುಕಿಕೊಂಡು ಬಂದರು. ಗುಬ್ಬಿಯ ಬಳಿ ಕಲಿತವರು ಅವರಲ್ಲಿಗೆ ಹೋಗಿ ಹೆಸರು ಹೇಳಿದ್ದರಂತೆ. ಅಲ್ಲೇ ಇದ್ದು ಪಾಠ ಮಾಡಬೇಕು, ಉಳಿಯಲು ಕೋಣೆ ಕೊಡುತ್ತೇವೆ ಎಂದರು. ಗುಬ್ಬಿಯ ಮುಖ ಹೇಗೆ ಅರಳಿತ್ತು ಎಂದರೆ, ನಾನು ಟೀ ಲೋಟ ಹಿಡಿದುಕೊಂಡು ಅದನ್ನೇ ನೋಡುತ್ತಾ ನಿಂತಿದ್ದೆ. ಅವಳು ಒಪ್ಪಿಗೆ ಕೇಳಲು, ಇಂಗ್ಲಿಷ್ ಬಾರದ ತಾಯಿಯ ಕಡೆ ತಿರುಗಿ “ಅಮ್ಮಾ, ನಾ... ನಾನು...” ಎಂದಳು. “ಒಬ್ಬಳೇ ಇರೋಕೆ ಆಗಲ್ಲ ಅಂತಿದಾಳೆ. ಭಯ ಅವಳಿಗೆ, ಪಾಪ” ಎಂದು ಅತ್ತೆ ಮುಗಿಸಿದರು. ಪ್ರಿನ್ಸಿಪಾಲಮ್ಮ ಮುಖ ಮುಖ ನೋಡಿ ಎದ್ದು ಹೋದರು. ಆ ಸಂಜೆ ಮೇಜಿನ ಮೇಲೆ ಬಿದ್ದ ಗುಬ್ಬಿಯ ಪೆಟ್ಟು ಎದುರುಮನೆಯವರನ್ನೂ ಕಿಟಕಿಗೆ ಕರೆತಂದಿತು.

“ಬರೆದಾದರೂ ಕೊಡಬಾರದಿತ್ತಾ?” ಎಂದು ಆಮೇಲೆ ಕೇಳಿದೆ. “ಬ... ಬರೆದ್ರೆ ಅ... ಅಮ್ಮನೇ ಓದ್ತಾರೆ. ಅ... ಅವರ ದನೀಲೇ” ಎಂದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಬೆಂದ ಅನ್ನವನ್ನು ಮತ್ತೆ ಬೇಯಿಸಿ ಮುದ್ದೆ ಮಾಡಿಟ್ಟೆ.

ಇದಾಗಿ ಕೆಲವು ವರ್ಷಗಳ ಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬಟ್ಟೆ ಒಣಹಾಕುತ್ತಿದ್ದವರು ಹಗ್ಗ ಹಿಡಿದುಕೊಂಡೇ ಕುಸಿದರು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈ ಸೋತಿತ್ತು, ಕಾಲು ಎಳೆಯುತ್ತಿತ್ತು, ಮಾತು ಹೊರಟುಹೋಗಿತ್ತು. ಪೂರ್ತಿ ಹೋಗಿತ್ತು ಎನ್ನಲಾರೆ. ಒಂದು ಪದ ಉಳಿದಿತ್ತು: ‘ಹಾಳಾದ್ದು’. ನೀರು ಬೇಕಾದರೂ ಹಾಳಾದ್ದು, ಫ್ಯಾನು ನಿಲ್ಲಿಸಬೇಕಾದರೂ ಹಾಳಾದ್ದು, ಮಗ ಬಂದು ಪಕ್ಕದಲ್ಲಿ ಕೂತರೆ ಪ್ರೀತಿಯಿಂದ ತಲೆ ಸವರಿ ಹಾಳಾದ್ದು. ನಗುವುದೋ ಅಳುವುದೋ ತಿಳಿಯುತ್ತಿರಲಿಲ್ಲ. ಬೈಗುಳ ಮಿದುಳಿನ ಬೇರೆ ಕಡೆಯಿಂದ ಬರುತ್ತದೆ, ಅದು ಉಳಿದಿದ್ದರೆ ಆಶ್ಚರ್ಯವಿಲ್ಲ ಎಂದರು ಮಾತು ಕಲಿಸುವ ಡಾಕ್ಟರಮ್ಮ. ಹೊರಡುವಾಗ ನಮ್ಮನ್ನೆಲ್ಲಾ ಕೂರಿಸಿ ಹೇಳಿದರು: “ಅವರಿಗೆ ಎಲ್ಲಾ ಅರ್ಥ ಆಗುತ್ತೆ. ಹೇಳೋಕೆ ಹೊತ್ತು ಬೇಕು, ಅಷ್ಟೆ. ನೀವು ಅವರ ಪರವಾಗಿ ಹೇಳಿಬಿಟ್ರೆ ಅವರು ಪ್ರಯತ್ನವನ್ನೇ ಬಿಟ್ಬಿಡ್ತಾರೆ. ಕಾಯ್ಬೇಕು.”

ಕಾಯಬೇಕಂತೆ! ನಾನು, ನನ್ನ ಗಂಡ ಇಬ್ಬರೂ ಆ ವಿಷಯದಲ್ಲಿ ಸೊನ್ನೆ. ನನ್ನ ಗಂಡ ಬೇಕರಿಯ ಬ್ರೆಡ್ ವ್ಯಾನ್ ಓಡಿಸುವವರು. ಕೆಂಪು ದೀಪದ ಮುಂದೆ ನಿಲ್ಲುವುದೇ ಅವರಿಗೊಂದು ಶಿಕ್ಷೆ. ಅಮ್ಮ ಬಾಯಿ ತೆರೆದರೆ ಸಾಕು, “ನೀರಾ? ಹೊದಿಕೆಯಾ? ಬಚ್ಚಲಿಗಾ?” ಎಂದು ಸಾಲು ಹಚ್ಚುತ್ತಿದ್ದರು. ನಾನೂ ಹಾಗೆಯೇ. ಗುಬ್ಬಿ ಒಬ್ಬಳೇ ಕಾಯುತ್ತಿದ್ದಳು. ತಾಯಿಯ ಮುಂದೆ ಮಣೆ ಹಾಕಿಕೊಂಡು ಕೂರುವಳು. ಅತ್ತೆ ಲೋಟದ ಕಡೆ ಕಣ್ಣು ಹೊರಳಿಸಿ “ಹಾ... ಹಾಳಾ...” ಎನ್ನುವರು. ಲೋಟ ಗುಬ್ಬಿಯ ಕೈಯಳತೆಯಲ್ಲೇ ಇರುತ್ತಿತ್ತು. ಕೊಡುತ್ತಿರಲಿಲ್ಲ. “ಏ... ಏನು ಬೇಕಮ್ಮ?” ಎಂದು ಕೇಳಿ ಅವರ ಬಾಯನ್ನೇ ನೋಡುತ್ತಾ ಕೂರುವಳು. ಅತ್ತೆಯ ಹಣೆ ಬೆವರುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. ಇವಳು ಕದಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ಸಹನೆಯ ಕಟ್ಟೆ ಒಡೆಯಿತು. ಎದ್ದು ಹೋಗಿ ಲೋಟ ಕಿತ್ತುಕೊಂಡು ಅತ್ತೆಗೆ ಕುಡಿಸಿದೆ. ಗುಬ್ಬಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. “ಏನೇ ಇದು, ಸೇಡು ತೀರಿಸ್ಕೋತಿದ್ದೀಯಾ? ಆವತ್ತು ಅವರು ನಿನ್ನ ಬಾಯಿ ಮುಚ್ಚಿಸಿದ್ರು, ಸರಿ. ಈಗ ಲಕ್ವ ಹೊಡೆದಿರೋ ಮುದುಕೀನ ಒಂದು ಗುಟುಕು ನೀರಿಗೆ ಗೋಳು ಹುಯ್ಕೋತೀಯಲ್ಲ, ನಿನ್ನ ಹೊಟ್ಟೇಲಿ ಕರುಳಿಲ್ವಾ?”

ಅವಳು ಬಿಳಿಚಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಬರಲಿಲ್ಲ. ನಾನೂ ಹಠ ಹಿಡಿದು ನಿಂತೆ, ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಹರಿದರೆ ಹರಿಯಲಿ ಎಂದು ನಿಂತೆ. “ಮೊ... ಮೊ... ಮೊದಲ ದಿನ ನ... ನನಗೂ ಹಾಗೇ ಅ... ಅನ್ನಿಸ್ತು ಅತ್ತಿಗೆ. ಒ... ಒಂಥರಾ ಖುಷಿ ಆಯ್ತು. ಆ... ಆಮೇಲೆ ಅವರ ಬಾಯಿ ನೋಡ್ದೆ. ಅ... ಅದು ನನ್ನ ಬಾಯಿ. ಯಾ... ಯಾರಾದ್ರೂ ಒ... ಒಬ್ಬರು ಕಾಯ್ಲಿ ಅಂತ ನಾ... ನಾನು ಎಷ್ಟು ಬೇಡ್ಕೊಂಡಿದ್ದೆ ಗೊತ್ತಾ?” ಎಂದಳು. ಇಷ್ಟನ್ನು ಹೇಳಿ ಮುಗಿಸುವಾಗ ಅವಳ ಕತ್ತಿನ ನರ ಹುರಿಗಟ್ಟಿತ್ತು. ನಾನು ಬಟ್ಟೆ ತಂದು ಒಲೆ ಒರೆಸಿದೆ.

ಡಾಕ್ಟರಮ್ಮ ಅಂಗೈ ಮೇಲೆ ತಟ್ಟುತ್ತಾ ಮಾತು ಹೇಳಿಸಿ ನೋಡಿ ಎಂದಿದ್ದರು. ತಟ್ಟುವುದು ನಮ್ಮ ಗುಬ್ಬಿಗೆ ಹೇಳಿಕೊಡಬೇಕೇ! ಮರುದಿನವೇ ಶುರುವಾಯಿತು. ಆದರೆ ಕೈಗೆ ಹತ್ತಿದ ಅಭ್ಯಾಸ ಎಲ್ಲಿ ಬಿಡುತ್ತದೆ? ‘ನೀರು’ ಎಂದು ಹೇಳಿಸುವಾಗ ‘ನೀ’ ಮೇಲೆ ಗುದ್ದು, ‘ರು’ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಒಂದು ಸೋಕು. ಅತ್ತೆ ಹಾಗೆಯೇ ಕಲಿತರು. “ನೀಈಈರ್” ಎಂದರು. ‘ಸಾಕು’ ಹೋಗಿ “ಸಾಆಕ್” ಆಯಿತು. ‘ಬೇಡ’ ಎನ್ನುವುದು ಕೆಲಸದ ಪದ ಎಂದು ಇವಳು ಹಿಂದಿನ ತುಂಡಿಗೆ ಪೆಟ್ಟು ಕೊಟ್ಟಿರಬೇಕು, “ಬಿಡಾಆ” ಎಂದು ಎಳೆದರು. ಎದುರುಮನೆಯಾಕೆ ನೋಡಲು ಬಂದವಳು “ಇದೇನ್ರಿ, ನಿಮ್ಮತ್ತೆ ಮೇಮ್‌ಸಾಹೇಬ್ರ ಥರ ಮಾತಾಡ್ತಾರೆ” ಎಂದು ಬೆರಗಾದಳು. ನನ್ನ ಗಂಡ ನಕ್ಕೂ ನಕ್ಕೂ ಹೊರಗೆ ಹೋಗಿ ನಿಂತರು. ಅತ್ತೆಗೆ ಅವಮಾನವಾಯಿತು. ತಮ್ಮ ಬಾಯಿಂದ ಬಂದದ್ದು ತಮ್ಮ ಮಾತಲ್ಲ ಎಂದು ಅವರಿಗೂ ಕೇಳುತ್ತಿತ್ತಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ದಿನ ಹಾಳಾದ್ದು ಎಂದೂ ಅನ್ನಲಿಲ್ಲ.

ಆ ಎರಡು ದಿನ ಗುಬ್ಬಿ ಕ್ಲಾಸನ್ನೂ ತೆಗೆದುಕೊಳ್ಳಲಿಲ್ಲ. ಮೇಜು ಸುಮ್ಮನಿತ್ತು. ಮನೆ ಎಷ್ಟು ಬಣಗುಟ್ಟಿತು ಎಂದರೆ, ನಾನೇ ಬೇಸರ ಕಳೆಯಲು ಬೇಡದ ಹೊಲಿಗೆಯನ್ನೂ ಹಿಡಿದು ಕೂತೆ. ದೊಡ್ಡ ಪರದೆಯ ಬದಿ ಹೊಲಿಯುತ್ತಿದ್ದೆ. ಉದ್ದನೆಯ ನೇರ ಹೊಲಿಗೆ, ಯಂತ್ರ ತನ್ನ ಪಾಡಿಗೆ ಒಂದೇ ಹದದಲ್ಲಿ ಓಡುತ್ತಿತ್ತು. ಗುಬ್ಬಿ ಹೊಸ್ತಿಲಲ್ಲಿ ಕೂತು ತಾಯಿಯ ಬೆನ್ನು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನ ಕಡೆ ಕೈ ಎತ್ತಿ, ನಿಲ್ಲಿಸಬೇಡ ಎಂದು ಸನ್ನೆ ಮಾಡಿದಳು. ನೋಡಿದರೆ, ಅತ್ತೆಯ ಎಡಗೈ ಬೆರಳು ಹಾಸಿಗೆಯ ಮೇಲೆ ಯಂತ್ರದ ಜೊತೆ ಜೊತೆಗೇ ತಟ್ಟುತ್ತಿತ್ತು. ಎಲ್ಲಾ ತಟ್ಟೂ ಒಂದೇ ತೂಕ. ಹೆಚ್ಚು ಕಡಿಮೆಯೇ ಇಲ್ಲ.

ಗುಬ್ಬಿ ಹೋಗಿ ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಒತ್ತು ಯಾವುದಕ್ಕೂ ಕೊಡಲಿಲ್ಲ. ಎಲ್ಲಕ್ಕೂ ಸಮಪಾಲು. “ನೀ, ರು. ಬೇ, ಕು.” ಅತ್ತೆ ಬಹಳ ಹೊತ್ತು ತಿಣುಕಿದರು. ನನ್ನ ಕಾಲು ಪೆಡಲಿನ ಮೇಲೆ ಓಡುತ್ತಲೇ ಇತ್ತು, ಪರದೆಯ ಬಟ್ಟೆ ಮುಗಿದುಹೋಗಿ ಸೂಜಿ ಬರೀ ಗಾಳಿಯನ್ನು ಹೊಲಿಯುತ್ತಿತ್ತು. “ನೀ... ರು... ಬೇ... ಕು” ಎಂದರು ಅತ್ತೆ. ನಮ್ಮ ಅತ್ತೆಯ ದನಿ. ಬಟ್ಟೆ ಅಂಗಡಿಯ ಅತ್ತೆ. ನಾನು ಅತ್ತುಬಿಟ್ಟೆ. ಅವರಿಗಾಗಿ ನಾನು ಜನ್ಮದಲ್ಲಿ ಅಳುತ್ತೇನೆಂದು ಎಣಿಸಿರಲಿಲ್ಲ.

ಅಲ್ಲಿಂದ ಮುಂದೆ ದಿನಕ್ಕೊಂದಿಷ್ಟು ಮಾತು ಮರಳಿತು. ಎರಡೆರಡು ಪದ, ಅದೂ ಯಂತ್ರ ಓಡುವಾಗ, ಯಾರಾದರೂ ಕಾಯುತ್ತಾ ಕೂತಾಗ. ಎಲ್ಲಾ ಗುಬ್ಬಿ ಹೇಳಿಕೊಟ್ಟ ಮಾತುಗಳೇ. ತಾವಾಗಿ ಕಟ್ಟಿದ ಮಾತು ಇನ್ನೂ ಒಂದೂ ಬಂದಿರಲಿಲ್ಲ. ಅದು ಬಂದರೆ ಮುಂದಿನದು ಸಲೀಸು, ಬರದೆಯೂ ಇರಬಹುದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು.

ಇಷ್ಟರಲ್ಲಿ ಬಂದರಿನ ಶಾಲೆಯಿಂದ ಗುಬ್ಬಿಗೆ ಮತ್ತೆ ಕರೆ ಬಂತು. ಅವರ ಬಳಿ ಇದ್ದ ಮೇಷ್ಟ್ರು ಬಿಟ್ಟುಹೋಗಿದ್ದರು. ಈ ಸಲ ಬಿಟ್ಟರೆ ಮತ್ತೆ ಕೇಳುವವರಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಿದರು. ಫೋನಿನಲ್ಲಿ ಅವರೊಂದಿಗೆ ಗುಬ್ಬಿ ಇಂಗ್ಲಿಷಿನಲ್ಲಿ ಮಾತಾಡುವುದು ನನಗೆ ಕೇಳುತ್ತಿತ್ತು. ಮಾತು ಪೂರ್ತಿ ಅರ್ಥವಾಗದಿದ್ದರೂ ದನಿಯಲ್ಲಿ ಆಸೆ ಎಷ್ಟಿತ್ತು ಎಂದು ಅರ್ಥವಾಯಿತು. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಇಟ್ಟಳು. ಕೇಳಬೇಕಾದದ್ದು ಅಣ್ಣನನ್ನು, ತಾಯಿಯನ್ನು. ಅದೂ ಬಾಯಿ ಕೈಕೊಡುವ ನಮ್ಮ ಮಾತಿನಲ್ಲಿ.

ನಿಜ ಹೇಳುತ್ತೇನೆ, ನಾನು ಮೊದಲು ಹಾಕಿದ್ದು ನನ್ನ ಕೆಲಸದ ಲೆಕ್ಕವನ್ನೇ. ಇವಳು ಹೋದರೆ ಅತ್ತೆಯ ಊಟ, ಸ್ನಾನ, ಮಾತು ಎಲ್ಲಾ ನನ್ನ ತಲೆ ಮೇಲೆ. ಅವಳು ಹೋಗಬೇಕೆಂದೂ ಅನ್ನಿಸುತ್ತಿತ್ತು, ಹೋಗದಿದ್ದರೆ ಸಾಕೆಂದೂ ಅನ್ನಿಸುತ್ತಿತ್ತು. ಎರಡೂ ಒಟ್ಟೊಟ್ಟಿಗೆ.

ಭಾನುವಾರ ಬೆಳಿಗ್ಗೆ ನನ್ನ ಗಂಡ ಮನೆಯಲ್ಲಿದ್ದಾಗ ಅವಳು ಬಂದು ನಿಂತಳು. ಅತ್ತೆ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ನಾನು ಪಕ್ಕದಲ್ಲಿ ಅವರಿಗೆ ಗಂಜಿ ಕುಡಿಸುತ್ತಿದ್ದೆ. ಯಂತ್ರ ಮುಚ್ಚಿಟ್ಟಿತ್ತು.

“ಅಣ್ಣಾ, ಆ... ಆ ಬಂದರಿನ ಶಾ... ಶಾಲೆಯವರು ಮ... ಮತ್ತೆ ಕರೀತಿದಾರೆ” ಎಂದಳು.

“ಗೊತ್ತು. ನಿನ್ನ ಅತ್ತಿಗೆ ಹೇಳಿದ್ಲು” ಎಂದರು ನನ್ನ ಗಂಡ. ಕೈಯಲ್ಲಿದ್ದ ಪೇಪರ್ ಕೆಳಗಿಡಲಿಲ್ಲ. “ಈ ಹೊತ್ತಲ್ಲಿ ಹೇಗೆ ಆಗುತ್ತೆ ಗುಬ್ಬಿ? ಅಮ್ಮಂಗೆ ನಾಲ್ಕು ಮಾತು ಬರ್ತಿರೋದೇ ನಿನ್ನಿಂದ. ಇವಳೊಬ್ಬಳ ಕೈಲಿ ಎಷ್ಟಾಗುತ್ತೆ?”

“ಅ... ಅಣ್ಣಾ, ನಾ... ನಾ...”

ಅಲ್ಲಿಗೆ ಸಿಕ್ಕಿಹಾಕಿಕೊಂಡಿತು. ಮುಖ ಕೆಂಪಾಯಿತು, ಗದ್ದ ನಡುಗಿತು. ಅವಳ ಪಕ್ಕದಲ್ಲೇ ಬಾಗಿಲಿತ್ತು, ಬಾಗಿಲಿನ ಮರವನ್ನು ತಟ್ಟಿಯಾದರೂ ಮಾತು ಎಳೆದುಕೊಳ್ಳಬಹುದಿತ್ತು. ಕೈಗಳನ್ನು ಬಿಗಿಯಾಗಿ ಕಟ್ಟಿಕೊಂಡು ನಿಂತಿದ್ದಳು. ನನ್ನ ಚಮಚ ಅರ್ಧದಲ್ಲೇ ನಿಂತಿತು.

“ಸರಿ ಬಿಡು, ಒದ್ದಾಡ್ಬೇಡ” ಎಂದರು ನನ್ನ ಗಂಡ. ಕನಿಕರದಿಂದಲೇ ಅಂದರು, ಕೆಟ್ಟವರಲ್ಲ. “ನನಗೆ ಗೊತ್ತಾಯ್ತು. ಅಮ್ಮನ್ನ ಬಿಟ್ಟು ಹೋ...”

ಮಂಚದ ಮೇಲಿಂದ ಒಂದು ಸದ್ದು ಬಂತು. ಅತ್ತೆ ಎಡಗೈಯಿಂದ ಮಂಚದ ಕಟ್ಟನ್ನು ಹೊಡೆದಿದ್ದರು. ಗಂಜಿ ನನ್ನ ಮಡಿಲಿಗೆ ಚೆಲ್ಲಿತು. ನನ್ನ ಗಂಡ ಮಾತು ನಿಲ್ಲಿಸಿ ತಿರುಗಿದರು.

ಅತ್ತೆಯ ಬಾಯಿ ಅಲುಗಾಡಿತು. ಹಾಳಾದ್ದು ಎನ್ನುತ್ತಾರೆ ಎಂದುಕೊಂಡೆ. ಅವರು ಮಗನನ್ನು ನೋಡುತ್ತಿದ್ದರು, ತುಟಿಯ ಒಂದು ಮೂಲೆ ಜೋತು ಬಿದ್ದಿತ್ತು, ಕೊರಳಲ್ಲಿ ಏನೋ ಏರಿ ಇಳಿಯುತ್ತಿತ್ತು. ನನ್ನ ನಾಲಗೆಯ ತುದಿಗೆ ಇಪ್ಪತ್ತು ಊಹೆ ಬಂದವು. ನುಂಗಿಕೊಂಡೆ.

“ಅ... ವ... ಳು” ಎಂದರು ಅತ್ತೆ. ಉಸಿರು ತೆಗೆದುಕೊಂಡರು. “ಹೇ... ಳ್ಲಿ.”

ಯಾರೂ ಹೇಳಿಕೊಟ್ಟ ಮಾತಲ್ಲ ಅದು. ನನ್ನ ಗಂಡ ಪೇಪರ್ ಮಡಿಸಿ ಕೆಳಗಿಟ್ಟರು. ನಾನು ಒದ್ದೆ ಮಡಿಲಿನಲ್ಲೇ ಕೂತೆ. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು, ಅದರ ಸರಪಣಿ ಸದ್ದು ದೂರವಾಗುವವರೆಗೂ ಗುಬ್ಬಿಗೆ ಮಾತು ಬರಲಿಲ್ಲ. ಅತ್ತೆ ಅವಳ ಬಾಯನ್ನೇ ನೋಡುತ್ತಿದ್ದರು. ಅವಸರವಿರಲಿಲ್ಲ. ಆ ಮುಖದ ಮೇಲೆ ಅವಸರವಿಲ್ಲದ್ದನ್ನು ನಾನು ಅದೇ ಮೊದಲು ನೋಡಿದ್ದು.

“ನಾ... ನಾ... ನಾನು ಹೋ... ಹೋ...” ಗುಬ್ಬಿ ಕಣ್ಣು ಮುಚ್ಚಿ ತೆರೆದಳು. “ಹೋಗ್ತೀನಿ ಅಮ್ಮ.”

ಅತ್ತೆಯ ಕಣ್ಣಿಂದ ನೀರಿಳಿಯಿತು. ಒರೆಸಲು ಹೋದ ನನ್ನ ಕೈಯನ್ನು ತಳ್ಳಿದರು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬಹಳ ಹೊತ್ತು ಬಾಯಿ ಕೂಡಿಸಿಕೊಂಡು, “ಯಾ... ವಾ... ಗ?” ಎಂದು ಕೇಳಿದರು. ಕೇಳಿ, ಮಗಳು ಉತ್ತರ ಹೇಳಲೆಂದು ಕಾಯುತ್ತಾ ಕೂತರು.